ಹೊರಟವರನ್ನು ಕೇಳಬಾರದ ಪ್ರಶ್ನೆ

ಊಟದ ಮೇಜಿನ ಮೇಲೆ, ಉಪ್ಪಿನ ಡಬ್ಬಿಯ ಕೆಳಗೆ ಒಂದು ಚೀಟಿ ಇದೆ. ‘ಎಡಗಡೆ, ಕೆರೆಯ ದಾರಿ. ನಾಲ್ಕು ಗಂಟೆಗೆ ವಾಪಸ್.’ ಬರೆದವಳು ನಾನು, ಇವತ್ತು ಬೆಳಿಗ್ಗೆ, ಕಾಡಿನಲ್ಲಿ ನಡೆಯಲು ಹೊರಡುವ ಮೊದಲು. ಯಾರಿಗೆ ಬರೆದದ್ದು ಎಂದು ನೀವು ಕೇಳಿದರೆ ಸ್ವಲ್ಪ ತಡವರಿಸಬೇಕಾಗುತ್ತದೆ. ಏಕೆಂದರೆ ಈ ಮನೆಯಲ್ಲಿ ನನ್ನನ್ನು ಬಿಟ್ಟರೆ ಇನ್ನೊಂದು ನರಪಿಳ್ಳೆ ಇಲ್ಲ. ಬೆಕ್ಕು ಕೂಡ ಇಲ್ಲ. ನಾಲ್ಕು ಗಂಟೆಗೆ ನಾನೇ ವಾಪಸ್ ಬಂದು, ನಾನೇ ಬೀಗ ತೆಗೆದು, ನಾನೇ ಚೀಟಿ ಓದಿ, ‘ಸರಿ, ಬಂದಳಲ್ಲ’ ಎಂದು ಹರಿದು ಕಸದ ಬುಟ್ಟಿಗೆ ಹಾಕುತ್ತೇನೆ. ಮೂರು ವರ್ಷಕ್ಕೂ ಹೆಚ್ಚು ಕಾಲದಿಂದ ಇದು ತಪ್ಪದೆ ನಡೆದುಕೊಂಡು ಬಂದಿದೆ.

ಇವತ್ತು ಮಾತ್ರ ಎಡವಟ್ಟಾಯಿತು. ಒಂದು ಕಾಲಿಗೆ ಬೂಟು ಹಾಕಿ ಇನ್ನೊಂದನ್ನು ಕೈಯಲ್ಲಿ ಹಿಡಿದವಳು ಚೀಟಿಯ ಕಡೆ ನೋಡಿದೆ. ನಾನು ನಿಜವಾಗಿಯೂ ವಾಪಸ್ ಬರದಿದ್ದರೆ ಇದನ್ನು ಯಾರು ಓದುತ್ತಾರೆ? ಅಪಾರ್ಟ್‌ಮೆಂಟ್ ಮ್ಯಾನೇಜರಮ್ಮ ಓದಬೇಕು, ಅದೂ ಬಾಡಿಗೆ ಬರದೆ ಒಂದು ತಿಂಗಳಾದ ಮೇಲೆ. ಆ ಪುಣ್ಯಾತ್ಗಿತ್ತಿಗೆ ಕನ್ನಡ ಬರುವುದಿಲ್ಲ. ಮೂರು ವರ್ಷದಿಂದ ನಾನು ನನ್ನ ಪ್ರಾಣರಕ್ಷಣೆಯ ಚೀಟಿಯನ್ನು ಅಮೆರಿಕದ ಈ ಜರ್ಮನ್‌ಟೌನಿನಲ್ಲಿ ಕನ್ನಡದಲ್ಲಿ ಬರೆದಿಡುತ್ತಿದ್ದೇನೆ! ಜೋರಾಗಿ ನಕ್ಕುಬಿಟ್ಟೆ. ಖಾಲಿ ಮನೆಯಲ್ಲಿ ಒಬ್ಬಳೇ ನಕ್ಕರೆ ಆ ನಗು ಎಷ್ಟು ಕೆಟ್ಟದಾಗಿ ಕೇಳಿಸುತ್ತದೆ ಎನ್ನುವುದು ನಿಮಗೆ ಗೊತ್ತಿರಲಿಕ್ಕಿಲ್ಲ, ಗೊತ್ತಾಗುವುದೂ ಬೇಡ. ಬೂಟು ಬಿಚ್ಚಿಟ್ಟು ಕುಳಿತೆ.

ಕುಳಿತ ಮೇಲೆ ನಸೀಮಾ ಆಂಟಿಯ ವಿಷಯ ಬರೆಯೋಣ ಎನ್ನಿಸಿತು. ಅವರಿಗೆ ನಾನು ಮಾಡಬೇಕಾದ ಒಂದು ಫೋನು ಇದೆ. ಅದನ್ನು ಮೂರು ವರ್ಷದಿಂದ ಮಾಡಿಲ್ಲ. ‘ನಾಳೆ ಮಾಡ್ತೀನಿ’ ಎಂದು ಸುಮಾರು ಸಾವಿರ ನಾಳೆಗಳನ್ನು ಕಳೆದವಳು ನಾನು. ಬರೆದರೆ ಧೈರ್ಯ ಬಂದರೂ ಬರಬಹುದು.

ಅಟ್ಲಾಂಟಾದಲ್ಲಿ ಹದಿನೇಳು ವರ್ಷ ಸಂಸಾರ ಮಾಡಿದೆ. ಅದು ಮುಗಿಯಿತು. ಯಾರದು ತಪ್ಪು ಎನ್ನುವುದಕ್ಕೆ ಈಗ ನನ್ನ ಹತ್ತಿರ ಶಕ್ತಿ ಇಲ್ಲ, ಅವನ ಹತ್ತಿರವೂ ಇಲ್ಲ ಎಂದು ಕಾಣುತ್ತದೆ. ಎರಡು ಸೂಟ್‌ಕೇಸು, ಒಂದು ಕುಕ್ಕರು ಹಿಡಿದು ಎರಡು ಸಾವಿರದ ಇಪ್ಪತ್ತರ ಜನವರಿಯಲ್ಲಿ ಮೇರಿಲ್ಯಾಂಡಿನ ಜರ್ಮನ್‌ಟೌನಿಗೆ ಬಂದೆ. ಇಲ್ಲಿಯ ಒಂದು ಔಷಧ ತಯಾರಿಸುವ ಲ್ಯಾಬಿನಲ್ಲಿ ಗುಣಮಟ್ಟ ಪರೀಕ್ಷೆಯ ಕೆಲಸ. ಹೊಸ ಊರು, ಹೊಸ ಜನ, ನಿಧಾನವಾಗಿ ಪರಿಚಯ ಮಾಡಿಕೊಳ್ಳೋಣ, ಕನ್ನಡದವರು ಎಲ್ಲಿ ಸೇರುತ್ತಾರೋ ಹುಡುಕೋಣ, ಯುಗಾದಿಗೆ ಸೀರೆ ಉಡೋಣ ಎಂದೆಲ್ಲ ಲೆಕ್ಕ ಹಾಕಿದ್ದೆ. ಮಾರ್ಚಿನಲ್ಲಿ ಜಗತ್ತೇ ಬಾಗಿಲು ಹಾಕಿಕೊಂಡಿತು. ನನಗೆ ಆಗ ಈ ಊರಿನಲ್ಲಿ ಗುರುತಿದ್ದವರೆಂದರೆ ಲ್ಯಾಬಿನ ಶಿಫ್ಟಿನ ಇಬ್ಬರು, ಅವರೂ ಮಾಸ್ಕಿನ ಮೇಲಿನ ಅರ್ಧ ಮುಖ ಮಾತ್ರ. ವಾರಗಟ್ಟಲೆ ನನ್ನ ಗಂಟಲಿನಿಂದ ಕನ್ನಡದ ಒಂದು ಪದವೂ ಹೊರಬರಲಿಲ್ಲ. ಹಾಲು ಉಕ್ಕಿದಾಗ ‘ಅಯ್ಯಯ್ಯೋ’ ಎಂದಿದ್ದನ್ನು ಲೆಕ್ಕಕ್ಕೆ ಹಿಡಿಯಬಾರದು.

ನಮ್ಮ ಅಪಾರ್ಟ್‌ಮೆಂಟಿನ ಹಿಂದೆ ಕಸದ ಡಬ್ಬಿಗಳನ್ನು ದಾಟಿದರೆ ಒಂದು ಕಾಲುದಾರಿ ಇಳಿಯುತ್ತದೆ. ಐದು ನಿಮಿಷ ಇಳಿದರೆ ಹೆದ್ದಾರಿಯ ಸದ್ದು ಸಣ್ಣದಾಗಿ, ಸೆನೆಕಾ ತೊರೆಯ ಸದ್ದು ದೊಡ್ಡದಾಗುತ್ತದೆ. ತೊರೆಯ ದಂಡೆಯಲ್ಲಿ ದಾರಿ ಎರಡಾಗುತ್ತದೆ. ಎಡಕ್ಕೆ ತಿರುಗಿದರೆ ನೀರಿನ ಎದುರು ನಡೆದು ಕೆರೆಯ ಕಡೆಗೆ. ಬಲಕ್ಕೆ ತಿರುಗಿದರೆ ನೀರಿನ ಜೊತೆ ನಡೆದು, ಮಾಡು ಹಾರಿಹೋದ ಹಳೆಯ ಗಿರಣಿಯ ಕಡೆಗೆ. ದಾರಿಯುದ್ದಕ್ಕೂ ಮರಗಳಿಗೆ ನೀಲಿ ಬಣ್ಣದ ಪಟ್ಟಿ ಬಳಿದಿರುತ್ತಾರೆ. ಒಂದು ಪಟ್ಟಿ ಕಣ್ಣಿಂದ ಮರೆಯಾಗುವಷ್ಟರಲ್ಲಿ ಇನ್ನೊಂದು ಕಾಣಬೇಕು, ಕಾಣದಿದ್ದರೆ ದಾರಿ ತಪ್ಪಿದೆ ಎಂದರ್ಥ. ದಂಡೆಯಲ್ಲಿ ತೊಗಟೆ ಸುಲಿದು ಬೆಳ್ಳಗೆ ನಿಂತ ಸಿಕಮೋರ್ ಮರಗಳು, ಏಪ್ರಿಲಿನಲ್ಲಿ ಹದಿನೈದು ದಿನ ಮಾತ್ರ ಅರಳುವ ನೀಲಿ ಗಂಟೆಹೂಗಳು, ನಾವು ಹತ್ತಿರ ಹೋಗುವ ತನಕ ಅಲುಗಾಡದೆ, ಆಮೇಲೆ ಬೇಜಾರಿನಿಂದ ಹಾರಿಹೋಗುವ ಒಂದು ದೊಡ್ಡ ಕೊಕ್ಕರೆ. ಮನುಷ್ಯರಿಂದ ದೂರ ಇರಿ ಎಂದು ಸರ್ಕಾರವೇ ಹೇಳಿದ್ದರಿಂದ ನಾನು ಅಲ್ಲಿಗೆ ಹೋಗತೊಡಗಿದೆ. ಹೋಗುವ ಮೊದಲು ಇಂಟರ್ನೆಟ್ಟಿನಲ್ಲಿ ಓದಿ ದುಬಾರಿ ಬೂಟು, ಉಣ್ಣಿ ಕಚ್ಚದ ಸಾಕ್ಸು, ಕರಡಿ ಬಂದರೆ ಊದುವ ಸೀಟಿ ಎಲ್ಲ ತರಿಸಿದೆ. ಅಲ್ಲಿ ಕರಡಿ ಇಲ್ಲ. ಬೂಟು ಹಾಕಿಕೊಂಡು ಮೊದಲ ದಿನವೇ ಕೆಸರಿನಲ್ಲಿ ದಬಕ್ಕನೆ ಕುಳಿತೆ.

ನಸೀಮಾ ಆಂಟಿ ಸಿಕ್ಕಿದ್ದು ಆ ಏಪ್ರಿಲಿನಲ್ಲಿ. ಒಂದು ಸಣ್ಣ ಹಳ್ಳಕ್ಕೆ ಎರಡು ಹಲಗೆಯ ಸೇತುವೆ ಹಾಕಿದ್ದಾರೆ, ಒಬ್ಬರು ಮಾತ್ರ ದಾಟಬಹುದು. ಈ ತುದಿಯಲ್ಲಿ ನಾನು. ಆ ತುದಿಯಲ್ಲಿ ಸಲ್ವಾರ್ ಮೇಲೆ ಮಗನದ್ದಿರಬಹುದಾದ ದೊಗಳೆ ಜಾಕೆಟ್ಟು, ತಲೆಗೆ ಉಣ್ಣೆಯ ಶಾಲು, ಮುಖಕ್ಕೆ ಮಾಸ್ಕು ಹಾಕಿ, ಕೈಯಲ್ಲಿ ಕೋಲು ಹಿಡಿದ ಒಬ್ಬ ಹೆಂಗಸು. ನಾನು ‘ಯು ಫಸ್ಟ್’ ಎಂದೆ. ಅವರು ‘ನೋ ನೋ, ಯು’ ಎಂದರು. ನಾನು ಹಿಂದೆ ಸರಿದೆ, ಅವರೂ ಸರಿದರು. ಹೀಗೆ ಮೂರು ಸಲ ಆಯಿತು. ನನಗೆ ಸಹನೆ ಕಡಿಮೆ. ಯಾರಿಗೂ ತಿಳಿಯುವುದಿಲ್ಲ ಎಂಬ ಧೈರ್ಯದಲ್ಲಿ, ‘ಅಯ್ಯೋ, ಹೋಗಮ್ಮ ತಾಯಿ, ಸಂಜೆ ಆಗೋಯ್ತು’ ಎಂದು ಗೊಣಗಿದೆ.

ಮಾಸ್ಕಿನ ಹಿಂದಿನಿಂದ ಉತ್ತರ ಬಂತು: ‘ನೀನೇ ಹೋಗಮ್ಮ ತಾಯಿ. ಮೊದ್ಲು ಬಂದಿದ್ದು ನಾನು, ನಿಲ್ಲೋಕೆ ನಂಗೆ ಹಕ್ಕಿದೆ.’

ನಾನು ಆ ಹಲಗೆಯ ಮೇಲೆ ಅತ್ತುಬಿಟ್ಟೆ ಎಂದರೆ ನೀವು ನಗುತ್ತೀರಿ. ನಗಿ. ಅಷ್ಟು ವಾರಗಳ ಮೇಲೆ ಯಾರೋ ನನ್ನನ್ನು ಕನ್ನಡದಲ್ಲಿ ಗದರಿಸಿದ್ದರು.

ಮೈಸೂರಿನ ಮಂಡಿ ಮೊಹಲ್ಲಾದವರು. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಗಣಿತ ಹೇಳಿ ನಿವೃತ್ತರಾದವರು. ಗಂಡ ತೀರಿಕೊಂಡ ಮೇಲೆ ಮಗ ಫರೀದನ ಜೊತೆ ಇರಲು ಬಂದಿದ್ದರು. ನಮ್ಮದೇ ಕಾಂಪ್ಲೆಕ್ಸಿನ ಆಚೆಯ ಕಟ್ಟಡ. ನಾನು ಸರಸ್ವತಿಪುರಂನವಳು ಎಂದು ತಿಳಿದ ಕೂಡಲೇ, ‘ನೀನು ನನ್ನ ಸ್ಟೂಡೆಂಟ್ ಅಲ್ಲ ತಾನೆ?’ ಎಂದರು. ಅಲ್ಲ ಎಂದೆ. ‘ಗೊತ್ತಾಯ್ತು ಬಿಡು. ನನ್ನ ಸ್ಟೂಡೆಂಟ್ ಆಗಿದ್ರೆ ಸೇತುವೆ ಹೆಂಗೆ ದಾಟೋದು ಅಂತ ಇಷ್ಟೊತ್ತು ಯೋಚ್ನೆ ಮಾಡ್ತಿರ್ಲಿಲ್ಲ.’

ಅಂದಿನಿಂದ ಶನಿವಾರ ಮಧ್ಯಾಹ್ನ ನಾವಿಬ್ಬರೂ ನಡೆಯುವುದು ಎಂದಾಯಿತು. ಆರು ಅಡಿ ಅಂತರ ಇರಬೇಕು ಎಂಬುದನ್ನು ನಾನು ಅಂದಾಜಿನಲ್ಲಿ ಪಾಲಿಸಿದರೆ ಆಂಟಿ ಅಳತೆಯಲ್ಲಿ ಪಾಲಿಸುತ್ತಿದ್ದರು. ಅವರ ಕೋಲು ಮೂರು ಅಡಿ. ಎರಡು ಕೋಲು ಅಂತರ. ಅವರು ಮುಂದೆ, ನಾನು ಹಿಂದೆ. ಇಬ್ಬರೂ ಕಿರುಚಿಕೊಂಡೇ ಮಾತನಾಡಬೇಕು. ಎದುರಿಗೆ ಬಂದ ಅಮೆರಿಕನ್ನರು ನಾವು ಜಗಳವಾಡುತ್ತಿದ್ದೇವೆ ಎಂದುಕೊಂಡು ಪೊದೆಯ ಒಳಗೆ ಸರಿದು ದಾರಿ ಬಿಡುತ್ತಿದ್ದರು. ನಾವು ಚರ್ಚಿಸುತ್ತಿದ್ದದ್ದು ಮೈಲಾರಿ ದೋಸೆಗೆ ಹಾಕುವ ಸಾಗುವಿನ ವಿಷಯ. ಕೆಲವು ಸಲ ಅವರು ಮರದ ನೆರಳನ್ನು ಹೆಜ್ಜೆ ಹಾಕಿ ಅಳೆದು, ತಮ್ಮ ಕೋಲಿನ ನೆರಳನ್ನು ಅಳೆದು, ‘ಹೇಳು, ಮರ ಎಷ್ಟೆತ್ತರ?’ ಎನ್ನುತ್ತಿದ್ದರು. ನಾನು ಫೋನು ತೆಗೆದರೆ ಕೋಲು ಎತ್ತುತ್ತಿದ್ದರು. ಐವತ್ತರ ಹತ್ತಿರ ಬಂದವಳು, ಲ್ಯಾಬಿನಲ್ಲಿ ಹತ್ತು ಜನಕ್ಕೆ ತಪ್ಪು ತೋರಿಸುವವಳು, ಕಾಡಿನ ಮಧ್ಯೆ ನಿಂತು ಬೆರಳು ಎಣಿಸುತ್ತಿದ್ದೆ.

ಅವರು ಫೋನು ತರುತ್ತಿರಲಿಲ್ಲ. ಕೇಳಿದರೆ ‘ಚಾರ್ಜಿಗೆ ಹಾಕ್ಬಂದೆ’ ಎನ್ನುತ್ತಿದ್ದರು. ಪ್ರತಿ ಶನಿವಾರವೂ ಅದು ಚಾರ್ಜಿನಲ್ಲೇ ಇರುತ್ತಿತ್ತು.

ಇಲ್ಲಿ ನಾನು ನಮ್ಮೂರಿನ ಒಂದು ಪದ್ಧತಿಯ ಬಗ್ಗೆ ಹೇಳಬೇಕು. ನಿಮಗೆ ಗೊತ್ತೇ ಇರುತ್ತದೆ. ಹೊರಟವರನ್ನು ‘ಎಲ್ಲಿಗೆ?’ ಎಂದು ಕೇಳಬಾರದು. ಕೇಳಿದರೆ ಹೋದ ಕೆಲಸ ಕೆಡುತ್ತದೆ. ತಡೆಯಲಾರದೆ ಕೇಳಲೇಬೇಕು ಎಂದರೆ ‘ದೂರಾನಾ?’ ಎನ್ನಬೇಕು. ಹೊರಟವರು ‘ಹೂಂ, ಹೀಗೇ ಸ್ವಲ್ಪ ದೂರ’ ಎನ್ನಬೇಕು. ಕೇಳಿದವರಿಗೆ ಏನೂ ತಿಳಿಯುವುದಿಲ್ಲ, ಹೇಳಿದವರು ಏನೂ ಹೇಳಿರುವುದಿಲ್ಲ, ಇಬ್ಬರಿಗೂ ಸಮಾಧಾನ. ನಮ್ಮ ಎದುರುಮನೆಯ ಪದ್ಮಮ್ಮನಿಗೆ ಈ ಸೂಕ್ಷ್ಮ ಇರಲಿಲ್ಲ. ಅಪ್ಪ ಚಪ್ಪಲಿ ಮೆಟ್ಟಿ ಗೇಟಿಗೆ ಕೈ ಹಾಕುವುದನ್ನೇ ಕಾದಿದ್ದವರಂತೆ ಕಿಟಕಿಯಿಂದ, ‘ಏನ್ ರಾಯರೇ, ಎಲ್ಲಿಗೋ ಹೊರಟ ಹಾಗಿದೆ?’ ಎನ್ನುತ್ತಿದ್ದರು. ಅಪ್ಪ ಮರುಮಾತಿಲ್ಲದೆ ಹಿಂದೆ ತಿರುಗಿ, ಚಪ್ಪಲಿ ಬಿಟ್ಟು, ಕುರ್ಚಿಯ ಮೇಲೆ ಐದು ನಿಮಿಷ ಕುಳಿತು, ಒಂದು ಗುಟುಕು ನೀರು ಕುಡಿದು ಮತ್ತೆ ಹೊರಡುತ್ತಿದ್ದರು. ಒಂದು ಸಲ ಹೀಗೆ ಕುಳಿತೆದ್ದು ಹೋಗುವಷ್ಟರಲ್ಲಿ ಬೆಂಗಳೂರಿನ ರೈಲು ಹೊರಟುಹೋಯಿತು. ಅಮ್ಮ, ‘ನೋಡಿದ್ರಾ, ಪದ್ಮಮ್ಮ ಕೇಳಿದ್ದಕ್ಕೇ ರೈಲು ತಪ್ಪಿತು’ ಎಂದರು. ನಮ್ಮ ಮನೆಯಲ್ಲಿ ಯಾರೂ ಆ ತರ್ಕವನ್ನು ಪ್ರಶ್ನಿಸಲಿಲ್ಲ.

ಇದನ್ನು ಆಂಟಿಗೆ ಹೇಳಿದಾಗ ಅವರು ಕೋಲು ಊರಿ ನಿಂತು ನಕ್ಕರು. ‘ನಮ್ಮನೇಲೂ ಹಂಗೇನೇ. ಹೊರಟೋರನ್ನ ಕೇಳಿದ್ರೆ ನಮ್ಮತ್ತೆ, ಟೋಕೋ ನಕ್ಕೋ, ಹಿಂದಿನಿಂದ ಕೇಳ್ಬೇಡ ಅಂತ ತಲೆ ಮೇಲೆ ಮೊಟಕೋರು. ನಾನು ಲೆಕ್ಕದ ಟೀಚರ್ರು, ಇದನ್ನೆಲ್ಲಾ ನಂಬಲ್ಲ.’

‘ಹಾಗಾದ್ರೆ ನೀವು ಕೇಳ್ತೀರಾ?’

‘ಛೇ ಛೇ, ಕೇಳಲ್ಲ.’

ಕಾಲುದಾರಿ ಶುರುವಾಗುವ ಕಡೆ ಒಂದು ಬೋರ್ಡು ಇದೆ. ನೀವು ಹೋಗುವ ದಾರಿಯನ್ನು ಯಾರಿಗಾದರೂ ತಿಳಿಸಿ ಹೊರಡಿ ಎಂದು ಬರೆದಿದ್ದಾರೆ. ಅದನ್ನು ನೋಡಿದಾಗಲೆಲ್ಲ ನಾವಿಬ್ಬರೂ ಪದ್ಮಮ್ಮನೇ ಬಂದು ಬರೆದು ಹೋಗಿರಬೇಕು ಎಂದು ನಗುತ್ತಿದ್ದೆವು. ವಾರದ ನಡುವೆ ನಾನು ಕೆಲಸದಿಂದ ಬರುವಾಗ ಆಂಟಿ ಒಬ್ಬರೇ ಹೊರಟಿದ್ದರೆ ‘ದೂರಾನಾ ಆಂಟಿ?’ ಎನ್ನುತ್ತಿದ್ದೆ. ‘ಹೂಂ, ಹೀಗೇ ಸ್ವಲ್ಪ ದೂರ’ ಎನ್ನುತ್ತಿದ್ದರು. ಆ ಎರಡು ಮಾತು ಕೇಳಿದರೆ ಇಡೀ ದಿನದ ಮೈಕೈ ನೋವು ಇಳಿದಂತೆ ಆಗುತ್ತಿತ್ತು. ಯಾವ ಮುಚ್ಚುಮರೆಯೂ ಇಲ್ಲದೆ ಹೇಳುತ್ತೇನೆ: ಮದುವೆಯಾಗಿದ್ದ ಹದಿನೇಳು ವರ್ಷಗಳಲ್ಲಿ ನಾನು ಅಷ್ಟು ಜೊತೆಯಲ್ಲಿ ಇರಲಿಲ್ಲ. ಆರು ಅಡಿ ದೂರ ನಡೆಯುತ್ತಿದ್ದ ಆ ಮುದುಕಿಯ ಬೆನ್ನು ನೋಡಿಕೊಂಡು ಇದ್ದಷ್ಟು ಜೊತೆಯಲ್ಲಿ.

ಮರು ವರ್ಷದ ನವೆಂಬರಿನ ಒಂದು ಭಾನುವಾರ. ಹಿಂದಿನ ದಿನ ಮಳೆ ಬಂದು ನಮ್ಮ ಶನಿವಾರದ ನಡಿಗೆ ತಪ್ಪಿತ್ತು. ಮಧ್ಯಾಹ್ನ ಎರಡರ ಹೊತ್ತಿಗೆ ನಾನು ಕಾರಿನಿಂದ ತರಕಾರಿ ಚೀಲ ಇಳಿಸುತ್ತಿದ್ದೆ. ಆಂಟಿ ಬಂದರು. ಹೆಗಲಿಗೆ ದೊಡ್ಡ ಬಟ್ಟೆಚೀಲ. ಮಾಮೂಲಿಯಾಗಿ ಅವರು ಏನೂ ಹೊತ್ತು ತರುವವರಲ್ಲ. ಇಷ್ಟು ದೊಡ್ಡ ಚೀಲ ಹೊತ್ತು ಎಲ್ಲಿಗೆ ಹೊರಟರಪ್ಪ ಎಂದು ಬಾಯಿಯ ತುದಿಗೆ ಬಂತು. ನುಂಗಿಕೊಂಡೆ. ‘ದೂರಾನಾ ಆಂಟಿ?’ ಎಂದೆ.

‘ಹೂಂ, ಸ್ವಲ್ಪ ದೂರ. ನೀನೂ ಬಾ.’

‘ಇವತ್ತು ಬೇಡ ಆಂಟಿ, ಲಾಂಡ್ರಿ ಇದೆ. ಮೆಷಿನ್ ಖಾಲಿ ಸಿಗೋದೇ ಈಗ.’

‘ಬಟ್ಟೆ ಎಲ್ಲಿಗೂ ಓಡಿಹೋಗಲ್ಲ ಕಣೇ.’

‘ಮುಂದಿನ ಶನಿವಾರ ಬರ್ತೀನಿ.’

ಅವರು ಕೋಲು ಎತ್ತಿ ತೋರಿಸಿ ಹೊರಟರು. ನಾನು ಮೇಲೆ ಹೋಗಿ ಬಟ್ಟೆ ಹಾಕಿದೆ, ಒಣಗಿಸಿದೆ, ಮಡಚಿಟ್ಟೆ. ಬಿಳಿಯದು ಬೇರೆ, ಬಣ್ಣದ್ದು ಬೇರೆ. ಆ ಬಟ್ಟೆಗಳಲ್ಲಿ ಕೆಲವನ್ನು ನಾನು ಈಗಲೂ ತೊಡುವುದಿಲ್ಲ.

ಐದು ಗಂಟೆಗೆ ಕತ್ತಲಾಯಿತು. ಐದೂವರೆಗೆ ಬಾಗಿಲು ಬಡಿದದ್ದು ಫರೀದ್. ಅವನ ಹಿಂದೆ ಹನ್ನೆರಡು ವರ್ಷದ ಮಗಳು ಝೋಯಾ. ‘ಅಮ್ಮ ನಿಮ್ಮ ಜೊತೆ ಇದಾರಾ?’ ಎಂದ. ಇಲ್ಲ ಎಂದೆ. ಅವನ ಮುಖ ಇಳಿಯಿತು. ಎರಡು ಗಂಟೆಗೆ ನೋಡಿದೆ, ತೊರೆಯ ಕಡೆ ಹೋದರು ಎಂದೆ. ಅವನು ಪೊಲೀಸರಿಗೆ ಫೋನು ಮಾಡಿದ. ಹದಿನೈದು ನಿಮಿಷದಲ್ಲಿ ಪಾರ್ಕಿಂಗ್ ತುಂಬ ದೀಪಗಳು, ಹುಡುಕುವವರ ಕಿತ್ತಳೆ ಜಾಕೆಟ್ಟುಗಳು, ಒಂದು ನಾಯಿ. ಒಬ್ಬ ಆಫೀಸರ್ ಹೆಂಗಸು ನನ್ನ ಎದುರಿಗೆ ನಿಂತು ಪುಸ್ತಕ ತೆರೆದಳು. ಎಡಕ್ಕೆ ಹೋದರೋ, ಬಲಕ್ಕೆ ಹೋದರೋ? ಎಲ್ಲಿಗೆ ಎಂದು ಹೇಳಿದರು?

‘ಎ ಲಿಟಲ್ ಫಾರ್’ ಎಂದೆ.

ಅವಳ ಪೆನ್ನು ನಿಂತಿತು. ‘ಸಾರಿ?’

‘ಸ್ವಲ್ಪ ದೂರ ಅಂದ್ರು’ ಎಂದು ಫರೀದನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದೆ, ಅವನಾದರೂ ಅರ್ಥಮಾಡಿಕೊಳ್ಳಲಿ ಎಂದು. ಅವನು ತಲೆ ತಗ್ಗಿಸಿದ. ಅರ್ಥಮಾಡಿಕೊಂಡ ಎಂದೇ ನನಗೆ ಅನ್ನಿಸಿತು. ಅವನೂ ಅದೇ ಮನೆಯಲ್ಲಿ, ಅದೇ ಅಜ್ಜಿಯ ಕೈಯಲ್ಲಿ ಮೊಟಕಿಸಿಕೊಂಡು ಬೆಳೆದವನು. ಆದರೆ ಝೋಯಾ ಇಲ್ಲಿ ಹುಟ್ಟಿದವಳು. ಅಳುವನ್ನು ಹಲ್ಲು ಕಚ್ಚಿ ಹಿಡಿದು ನನ್ನನ್ನೇ ನೋಡಿ ಹೇಳಿದಳು: ‘ಆಂಟಿ, ಯು ಸಾ ಹರ್. ವೈ ಡಿಡಂಟ್ ಯು ಜಸ್ಟ್ ಆಸ್ಕ್?’

ಸುಮ್ಮನೆ ಕೇಳಬಹುದಿತ್ತಲ್ಲ. ಆ ಮಗುವಿಗೆ ಏನು ಹೇಳುವುದು? ಕೇಳಿದರೆ ಅಪಶಕುನ, ಅದಕ್ಕೆ ಕೇಳಲಿಲ್ಲ ಎನ್ನಲೇ? ಲ್ಯಾಬಿನ ಬ್ಯಾಡ್ಜು ಇನ್ನೂ ನನ್ನ ಜಾಕೆಟ್ಟಿನಲ್ಲೇ ಇತ್ತು. ‘ಐ ಫರ್ಗಾಟ್’ ಎಂದೆ. ಮರೆತೆ ಎಂದು ಸುಳ್ಳು ಹೇಳಿದೆ. ಆಮೇಲೆ, ನಾವು ಯಾವಾಗಲೂ ಎಡಕ್ಕೇ ಹೋಗುವುದು, ಕೆರೆಯ ಕಡೆ ಎಂದೆ. ಅದು ಸುಳ್ಳಲ್ಲ. ನನ್ನ ಮಾತಿನ ಮೇಲೆ ಅವರೆಲ್ಲ ಎಡಕ್ಕೆ ಹೋದರು.

ಆಂಟಿ ಬಲಕ್ಕೆ ಹೋಗಿದ್ದರು. ಏಳೂವರೆ ದಾಟಿದ ಮೇಲೆ ಗಿರಣಿಯ ಹತ್ತಿರ ಸಿಕ್ಕರು. ಹಿಂದಿನ ದಿನದ ಮಳೆಗೆ ಅಗಲವಾದ ಸಿಕಮೋರ್ ಎಲೆಗಳು ಕೊಳೆತು ಜಾರುತ್ತಿದ್ದವು. ಜಾರಿ ಬಿದ್ದು ಎಡಗಡೆಯ ಸೊಂಟ ಮುರಿದಿತ್ತು. ಗೋಡೆಯ ತನಕ ತೆವಳಿಕೊಂಡು ಹೋಗಿ, ಬೆನ್ನು ಆನಿಸಿ, ಶಾಲು ಹೊದ್ದು ನಾಲ್ಕು ಗಂಟೆ ಕಾಲ ಆ ಚಳಿಯಲ್ಲಿ ಕುಳಿತಿದ್ದರು. ಸ್ಟ್ರೆಚರಿನ ಮೇಲೆ ತಂದಾಗ ತುಟಿ ನೀಲಿ. ನನ್ನ ಕಡೆ ನೋಡಿದರೋ ಇಲ್ಲವೋ ಗೊತ್ತಿಲ್ಲ, ನಾನು ದೀಪದ ಬೆಳಕಿನಿಂದ ಆಚೆ ನಿಂತಿದ್ದೆ. ಅವರ ಚೀಲ ಝೋಯಾಳ ಕೈಗೆ ಬಂತು. ಒಳಗೆ ಏನಿದೆ ಎಂದು ಆ ಹುಡುಗಿ ತೆರೆದು ನೋಡಿದಳು. ಥರ್ಮಾಸ್ ಫ್ಲಾಸ್ಕು, ಒಂದು ಡಬ್ಬಿ ಖಾರದ ಅವಲಕ್ಕಿ, ಎರಡು ಸ್ಟೀಲ್ ಲೋಟ. ಎರಡು.

ಆಸ್ಪತ್ರೆಗೆ ನಾನು ಒಂದೇ ಒಂದು ಸಲ ಹೋದೆ. ಆಗ ಇನ್ನೂ ಒಬ್ಬ ರೋಗಿಗೆ ಒಬ್ಬರೇ ಸಂದರ್ಶಕರು ಎನ್ನುವ ನಿಯಮ ಇತ್ತು. ಆಂಟಿಯ ಸೊಸೆ ಕೆಳಗೆ ಬಂದು ನಾನು ತಂದ ಬೇಳೆಸಾರಿನ ಡಬ್ಬಿ ತೆಗೆದುಕೊಂಡು, ‘ನಾನು ಇಲ್ಲೇ ಇರ್ತೀನಿ, ನೀವು ಮೇಲೆ ಹೋಗಿ ನೋಡ್ಕೊಂಡು ಬನ್ನಿ’ ಎಂದಳು. ‘ಪರ್ವಾಗಿಲ್ಲ, ಅವ್ರಿಗೆ ರೆಸ್ಟ್ ಬೇಕು’ ಎಂದು ಓಡಿಬಂದೆ. ಮುಖ ತೋರಿಸುವ ಧೈರ್ಯ ಇರಲಿಲ್ಲ. ಮುಂದಿನ ವಾರ ಹೋಗೋಣ ಎಂದುಕೊಂಡೆ. ಮುಂದಿನ ವಾರ ಅವರನ್ನು ನಡಿಗೆ ಕಲಿಸುವ ಕೇಂದ್ರಕ್ಕೆ ಸೇರಿಸಿದ್ದರು. ಅಲ್ಲಿಗೆ ಇಪ್ಪತ್ತು ನಿಮಿಷದ ದಾರಿ. ನಾನು ಹೋಗಲಿಲ್ಲ. ನಾಚಿಕೆಗೆ ಒಂದು ದಿನ ತಡವಾದರೆ ಎರಡನೇ ದಿನ ಇಮ್ಮಡಿಯಾಗುತ್ತದೆ, ವಾರವಾದರೆ ಎತ್ತಲಾಗದಷ್ಟು ಭಾರವಾಗುತ್ತದೆ. ಏಪ್ರಿಲಿನಲ್ಲಿ ಫರೀದನಿಗೆ ಷಾರ್ಲಟ್ ಊರಿನಲ್ಲಿ ಕೆಲಸ ಸಿಕ್ಕಿ ಅವರು ನಾರ್ತ್ ಕ್ಯಾರೊಲೈನಾಕ್ಕೆ ಹೊರಟರು. ಸಾಮಾನಿನ ಟ್ರಕ್ಕು ಬಂದು ನಿಂತದ್ದನ್ನು ನಾನು ಕಿಟಕಿಯ ಪರದೆಯ ಹಿಂದೆ ನಿಂತು ನೋಡಿದೆ. ಆಂಟಿಯನ್ನು ಗಾಲಿಕುರ್ಚಿಯಲ್ಲಿ ತಂದು ಕಾರಿನಲ್ಲಿ ಕೂರಿಸಿದರು. ಅವರು ತಲೆಯೆತ್ತಿ ನಮ್ಮ ಕಟ್ಟಡದ ಕಡೆ ನೋಡಿದರು. ನಾನು ಬಗ್ಗಿಬಿಟ್ಟೆ. ನಲವತ್ತೊಂಬತ್ತು ವರ್ಷದ ಹೆಂಗಸು, ತನ್ನ ಮನೆಯೊಳಗೇ, ನೆಲದ ಮೇಲೆ ಕುಕ್ಕರಗಾಲಿನಲ್ಲಿ. ಕಾರು ಹೋಗುವ ತನಕ ಏಳಲಿಲ್ಲ.

ಆಮೇಲೆ ನಾನು ಕೆಟ್ಟುಹೋದೆ. ಎಲ್ಲರನ್ನೂ ‘ಎಲ್ಲಿಗೆ?’ ಎಂದು ಕೇಳುವ ಚಟ ಹತ್ತಿತು. ಲ್ಯಾಬಿನಲ್ಲಿ ಯಾರಾದರೂ ಕುರ್ಚಿಯಿಂದ ಎದ್ದರೆ ಕೇಳುತ್ತೇನೆ. ಪಾಪ, ಬಾತ್‌ರೂಮಿಗೆ ಹೊರಟವರೂ ಹೇಳಬೇಕು. ನನ್ನ ಕೈಕೆಳಗಿನ ಹುಡುಗಿಯೊಬ್ಬಳು ಮೇಲಿನವರಿಗೆ ದೂರು ಕೊಟ್ಟಳು, ನಾನು ಅವಳ ಮೇಲೆ ಕಣ್ಣಿಟ್ಟಿದ್ದೇನೆ ಎಂದು. ಒಂದು ದಿನ ಪಾರ್ಕಿಂಗಿನಲ್ಲಿ, ಕಾಂಪ್ಲೆಕ್ಸಿಗೆ ಹೊಸದಾಗಿ ಬಂದ ಕನ್ನಡದ ದಂಪತಿಗಳನ್ನು, ಅವರು ವೀಸಾ ಸ್ಟ್ಯಾಂಪಿಂಗಿಗೆ ಹೊರಟ ಘಳಿಗೆಯಲ್ಲಿ, ಜೋರಾಗಿ ‘ಎಲ್ಲಿಗೆ?’ ಎಂದು ಕೇಳಿದೆ. ಅವರನ್ನು ಬೀಳ್ಕೊಡುತ್ತಿದ್ದ ಹೆಂಡತಿಯ ಅಮ್ಮ ನನ್ನ ಕಡೆ ನೋಡಿದ ನೋಟದಲ್ಲಿ ನಾನೇ ಪದ್ಮಮ್ಮ. ಮಗಳು ಅಳಿಯ ಒಳಗೆ ಹೋಗಿ ಕುಳಿತು, ನೀರು ಕುಡಿದು ಮತ್ತೆ ಹೊರಟರು.

ನಡೆಯುವುದನ್ನು ಬಿಡಲಿಲ್ಲ. ಬಿಟ್ಟರೆ ನಾನೆಲ್ಲಿ ಹೋಗಲಿ? ನೀಲಿ ಪಟ್ಟಿ ಹಿಡಿದು ಎಡಕ್ಕೂ ಹೋಗುತ್ತೇನೆ, ಬಲಕ್ಕೂ ಹೋಗುತ್ತೇನೆ. ಗಿರಣಿಯ ಗೋಡೆಯ ಮೇಲೆ ಯಾವ ಪ್ರವಾಹದಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಗೆರೆ ಎಳೆದಿದ್ದಾರೆ; ಆ ಗೆರೆಗಳ ಕೆಳಗೆ, ಆಂಟಿ ಕುಳಿತಿದ್ದ ಜಾಗದಲ್ಲಿ ನಿಲ್ಲುತ್ತೇನೆ. ಎರಡು ಕೋಲು ಅಂತರಕ್ಕೆ ಯಾರೂ ಇಲ್ಲದ ದಾರಿಯಲ್ಲಿ ಕೆಲವು ಸಲ ಗಟ್ಟಿಯಾಗಿ ಮರದ ಎತ್ತರ ಹೇಳುತ್ತೇನೆ. ತಪ್ಪು ಎನ್ನುವವರಿಲ್ಲ. ಸರಿ ಎನ್ನುವವರೂ ಇಲ್ಲ. ಸರಿಯಾದ ಉತ್ತರ ಸಿಕ್ಕಿಯೂ ಹೇಳಲು ಯಾರೂ ಇಲ್ಲದಿರುವಾಗಿನಷ್ಟು ಒಂಟಿತನ ನನಗೆ ಬೇರೆ ಯಾವುದರಲ್ಲೂ ಕಂಡಿಲ್ಲ.

ಇಷ್ಟು ಬರೆಯುವ ಹೊತ್ತಿಗೆ ಮಧ್ಯಾಹ್ನದ ಬಿಸಿಲು ಮೇಜಿನ ಮೇಲೆ ಬಂದಿತ್ತು. ಇನ್ನು ಹತ್ತು ನಿಮಿಷ ಯೋಚಿಸಿದರೆ ಮಾಡುವುದಿಲ್ಲ ಎಂದು ನನಗೇ ಗೊತ್ತು. ಫೋನು ತೆಗೆದುಕೊಂಡೆ. ಅವರ ನಂಬರು ಇದ್ದ ಹಾಗೇ ಇತ್ತು. ಒತ್ತಿದೆ. ಆ ಫೋನು ಇವತ್ತೂ ಚಾರ್ಜಿನಲ್ಲಿರಲಿ ದೇವರೇ ಎಂದು ಒಂದು ಕ್ಷಣ ಬೇಡಿಕೊಂಡೆ ಕೂಡ. ಮೂರನೇ ರಿಂಗಿಗೇ ಎತ್ತಿದರು.

‘ಆಂಟಿ, ನಾನು...’

‘ಗೊತ್ತಾಯ್ತು. ನಂಬರ್ ಇದೆ ನನ್ ಹತ್ರ.’ ಧ್ವನಿ ತೆಳುವಾಗಿತ್ತು, ಆದರೆ ಅದೇ ಕೋಲು ಎತ್ತುವ ಧ್ವನಿ.

ಮೂರು ವರ್ಷದಿಂದ ಸಿದ್ಧಮಾಡಿಟ್ಟುಕೊಂಡಿದ್ದ ಮಾತುಗಳೆಲ್ಲ ಕಲಸಿಹೋದವು. ‘ಆಂಟಿ, ಅವತ್ತು ನಾನು ಕೇಳ್ಬೇಕಿತ್ತು. ಎಲ್ಲಿಗೆ ಅಂತ ಒಂದು ಮಾತು ಕೇಳಿದ್ರೆ ಅವ್ರು ಎಡಕ್ಕೆ ಹೋಗ್ತಿರ್ಲಿಲ್ಲ. ನೀವು ಅಷ್ಟೊತ್ತು ಚಳೀಲಿ...’

‘ಕೇಳಿದ್ರೆ ನಾನು ಹೇಳ್ತಿದ್ನಾ?’

ನಾನು ಉಪ್ಪಿನ ಡಬ್ಬಿಯನ್ನು ಅತ್ತ ಸರಿಸಿದೆ.

‘ಸುಳ್ಳು ಹೇಳ್ತಿದ್ದೆ. ಮನೇಲಿ ಬೆಳಗಾದ್ರೆ ಮಗ ಕೇಳ್ತಾನೆ, ಸೊಸೆ ಕೇಳ್ತಾಳೆ, ಆ ಮಗು ಕೇಳತ್ತೆ. ವೇರ್ ಆರ್ ಯು, ವೇರ್ ಆರ್ ಯು. ಒಳ್ಳೇರೇ, ಇಲ್ಲ ಅನ್ನಲ್ಲ. ಆದ್ರೆ ಮೂವತ್ತು ವರ್ಷ ಅಟೆಂಡೆನ್ಸ್ ತಗೊಂಡೋಳು ನಾನು, ಕಡೇಗಾಲದಲ್ಲಿ ನಾನೇ ಅಟೆಂಡೆನ್ಸ್ ಕೊಡ್ಬೇಕಾ? ಕೇಳದೇ ಇದ್ದೋಳು ನೀನೊಬ್ಳೇ. ಅದಕ್ಕೇ ನಿನ್ ಜೊತೆ ಬರ್ತಿದ್ದೆ.’

‘ಆದ್ರೂ ಆಂಟಿ...’

‘ಮಧ್ಯ ಬಾಯಿ ಹಾಕ್ಬೇಡ. ಅವತ್ತು ಕೇಳ್ಲಿಲ್ಲ ಅಂತ ನಂಗೆ ಒಂದಿನಾನೂ ಬೇಜಾರಾಗಿಲ್ಲ. ಆದ್ರೆ ಆಮೇಲೆ? ಸೊಂಟ ಮುರ್ಕೊಂಡು ಆರು ತಿಂಗ್ಳು ಬಿದ್ದಿದ್ದೆ. ಬಾಗ್ಲು ಸದ್ದಾದ್ರೆ ನೀನೇ ಬಂದೆ ಅಂತ ತಿರುಗಿ ನೋಡೋಳು. ಹೇಗಿದೀರಿ ಆಂಟಿ ಅಂತ ಕೇಳಕ್ಕೂ ನಿಮ್ಮಲ್ಲಿ ಶಾಸ್ತ್ರ ಅಡ್ಡ ಬರತ್ತಾ?’

ನನಗೆ ಅಳು ಬಂತು. ಮೂಗು ಒರೆಸಿಕೊಂಡ ಸದ್ದು ಅವರಿಗೆ ಕೇಳಿಸಿರಬೇಕು. ‘ಅಳ್ಬೇಡ. ನೀನು ಅತ್ರೆ ನಂಗೆ ಸರ್ಯಾಗಿ ಬೈಯೋಕಾಗಲ್ಲ’ ಎಂದರು. ಇಷ್ಟು ವರ್ಷ ನಾನು ಹೊತ್ತು ತಿರುಗಿದ್ದು ಅವರು ನನ್ನ ಮೇಲೆ ಹೊರಿಸದ ತಪ್ಪನ್ನು. ಅವರು ನೊಂದುಕೊಂಡ ತಪ್ಪನ್ನು ಮಾತ್ರ ದಿನಾ ಹೊಸದಾಗಿ ಮಾಡುತ್ತಲೇ ಇದ್ದೆ, ಇವತ್ತು ಬೆಳಗಿನ ತನಕ.

ಕೊನೆಗೂ ಕೇಳಿದೆ.

‘ಆಂಟಿ, ಹೇಗಿದೀರಿ?’

ಆ ಕಡೆಯಿಂದ ನೆಲದ ಮೇಲೆ ಕುರ್ಚಿ ಎಳೆದುಕೊಂಡ ಸದ್ದು, ನಿಧಾನವಾಗಿ ಕುಳಿತ ಉಸಿರು.

‘ಸೊಂಟದಿಂದ ಶುರು ಮಾಡ್ಲಾ, ಸೊಸೆಯಿಂದ ಶುರು ಮಾಡ್ಲಾ?’ ಎಂದರು ಆಂಟಿ.